ಡಿಸ್ಕಿನಿಂದ ಕಂಪ್ಯೂಟರ್ ಪ್ರಾರಂಭವಾಗದಿದ್ದರೆ: ಕಾರಣಗಳೂ ಪರಿಹಾರಗಳೂ

ದೇಹಾರೋಗ್ಯವನ್ನು ಕುರಿತ ಲೇಖನಗಳ ನಡುವೆ ಯಂತ್ರವೊಂದರ ಅಸ್ವಾಸ್ಥ್ಯವನ್ನು ಕುರಿತ ಈ ಬರಹವು ವಾಚಕರಿಗೆ ತುಸು ವಿಚಿತ್ರವೆನಿಸಬಹುದು. ಆದರೆ ತವರಿನಿಂದ ದೂರ ಬಂದು ಮಹಾನಗರಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಹತ್ತು ಹನ್ನೆರಡು ವರ್ಷ ಹಳೆಯದಾದ ಕಂಪ್ಯೂಟರೊಂದು ಮೂಲೆಯಲ್ಲಿ ಕುಳಿತಿರುವುದು ಸಾಮಾನ್ಯ ದೃಶ್ಯ. ಮಗಳ ಮದುವೆಯ ಛಾಯಾಚಿತ್ರಗಳು, ಗತಿಸಿದ ಹಿರಿಯರ ಧ್ವನಿಮುದ್ರಣ, ಊರಿನ ಜಮೀನಿನ ಪಹಣಿಯ ಪ್ರತಿ, ಆದಾಯ ತೆರಿಗೆಯ ಹಳೆಯ ಲೆಕ್ಕಪತ್ರ, ಇವೆಲ್ಲವೂ ಅದರ ಹೊಟ್ಟೆಯಲ್ಲಿ ಸೇರಿಕೊಂಡಿರುತ್ತವೆ. ಬೇರೆಲ್ಲಿಯೂ ಇವುಗಳ ಮತ್ತೊಂದು ಪ್ರತಿ ಇರುವುದಿಲ್ಲವೆಂಬುದೂ ಅಷ್ಟೇ ಸಾಮಾನ್ಯ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ವಿಂಡೋಸ್ 11 ಆದರೋ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಬಯಸುತ್ತದೆ. ಹೀಗಾಗಿ ಹಳೆಯ ಯಂತ್ರವುಳ್ಳವರಲ್ಲಿ ಅನೇಕರು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯತ್ತ ತಿರುಗುತ್ತಿದ್ದಾರೆ. ಮನೆಯ ಹುಡುಗರು ಅದರ ಕಡತವನ್ನು ಅಂತರಜಾಲದಿಂದ ಇಳಿಸಿಕೊಂಡು, ಡಿ.ವಿ.ಡಿ.ಗೆ ಬರೆದು, ಯಂತ್ರಕ್ಕೆ ಹಾಕಿ ಗುಂಡಿಯನ್ನೊತ್ತುತ್ತಾರೆ. ಏನೂ ಆಗುವುದಿಲ್ಲ. ಹಳೆಯ ವಿಂಡೋಸೇ ಮತ್ತೆ ಮೇಲೆದ್ದು ಬರುತ್ತದೆ. ಇಲ್ಲವೇ ಕಪ್ಪು ತೆರೆಯ ಮೇಲೆ ಬಿಳಿಯ ಅಕ್ಷರದ ಒಂದು ಸಾಲು ಕಾಣಿಸಿಕೊಂಡು ಎಲ್ಲವೂ ಸ್ತಬ್ಧವಾಗುತ್ತದೆ. ಆಗ ಮನೆಯವರು ಬರುವ ತೀರ್ಮಾನಗಳು ಎರಡೇ: ಯಂತ್ರ ಸತ್ತಿತು, ರದ್ದಿಯವನಿಗೆ ಕೊಡೋಣ, ಇಲ್ಲವೇ ರಿಪೇರಿಯವನನ್ನು ಕರೆದು ಹಾರ್ಡ್ ಡಿಸ್ಕನ್ನು ಅಳಿಸಿಸೋಣ. ಎರಡೂ ಆತುರದ ತೀರ್ಮಾನಗಳು. ಮೊದಲನೆಯದರಿಂದ ಕೆಲಸಕ್ಕೆ ಬರುವ ಯಂತ್ರವು ಕೈಬಿಡುತ್ತದೆ. ಎರಡನೆಯದರಿಂದ ಮೇಲೆ ಹೇಳಿದ ಛಾಯಾಚಿತ್ರಗಳು ಹೋಗುತ್ತವೆ.

ಡಿಸ್ಕು ಕೆಲಸ ಮಾಡದಿರುವುದಕ್ಕೆ ಕಾರಣವು ನಾಲ್ಕು ಕಡೆಗಳಲ್ಲಿ ಒಂದರಲ್ಲಿ ಅಡಗಿರುತ್ತದೆ. ಇಳಿಸಿಕೊಂಡ ಕಡತವೇ ಕೆಟ್ಟಿರಬಹುದು. ಕಡತ ಸರಿಯಿದ್ದು ಬರೆದ ಕ್ರಮ ತಪ್ಪಿರಬಹುದು. ಬರೆದದ್ದು ಸರಿಯಿದ್ದು ಡಿಸ್ಕನ್ನು ಯಂತ್ರವು ಓದಲಾರದೆ ಹೋಗಿರಬಹುದು. ಓದಬಲ್ಲ ಯಂತ್ರಕ್ಕೆ ಓದಬೇಕೆಂಬ ಆಜ್ಞೆಯೇ ಇಲ್ಲದಿರಬಹುದು. ಪ್ರತಿಯೊಂದಕ್ಕೂ ಪರೀಕ್ಷೆಯುಂಟು. ಹೆಚ್ಚಿನವು ಕೆಲವೇ ನಿಮಿಷಗಳವು, ಹಣದ ಖರ್ಚಿಲ್ಲದವು. ಯಾವ ಕಡೆ ದೋಷವಿದೆಯೆಂದು ತಿಳಿಯದೆ ಒಂದರ ಮೇಲೊಂದು ಹೊಸ ಡಿಸ್ಕನ್ನು ಬರೆಯುತ್ತ ಹೋಗುವುದು, ಜ್ವರದ ಕಾರಣವನ್ನು ತಿಳಿಯದೆ ಮಾತ್ರೆ ಬದಲಿಸುತ್ತ ಹೋದಂತೆಯೇ ಸರಿ.

ಡಿಸ್ಕು ಯಂತ್ರವನ್ನು ಎಬ್ಬಿಸುವ ಬಗೆ

ವಿದ್ಯುತ್ ಹರಿದೊಡನೆ ಕಂಪ್ಯೂಟರಿಗೆ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ತಿಳಿದಿರುವುದಿಲ್ಲ. ಮುಖ್ಯ ಫಲಕದ ಮೇಲಿರುವ ಒಂದು ಪುಟ್ಟ ಚಿಪ್ಪಿನಲ್ಲಿ ಶಾಶ್ವತವಾಗಿ ಬರೆದಿಟ್ಟ ಕಿರು ಕಾರ್ಯಕ್ರಮವೊಂದು ಮೊದಲು ಎಚ್ಚರಗೊಳ್ಳುತ್ತದೆ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯಾಸ್ ಎಂದೂ, ಹೊಸವುಗಳಲ್ಲಿ ಯು.ಇ.ಎಫ್.ಐ. ಎಂದೂ ಹೆಸರು. ಅದು ತನಗೆ ಕೊಟ್ಟಿರುವ ಪಟ್ಟಿಯ ಪ್ರಕಾರ ಹಾರ್ಡ್ ಡಿಸ್ಕು, ಡಿ.ವಿ.ಡಿ., ಪೆನ್ ಡ್ರೈವ್ ಮೊದಲಾದವುಗಳ ಬಾಗಿಲನ್ನು ಒಂದಾದ ಮೇಲೊಂದರಂತೆ ತಟ್ಟುತ್ತದೆ. ಯಾವ ಮನೆಯಿಂದ ಮೊದಲು ಉತ್ತರ ಬರುವುದೋ ಅಲ್ಲಿಗೆ ಅಧಿಕಾರವನ್ನು ಒಪ್ಪಿಸಿ ತಾನು ಹಿಂದೆ ಸರಿಯುತ್ತದೆ. ಬೂಟ್ ಆಗುವುದೆಂದರೆ ಇಷ್ಟೇ.

ಡಿಸ್ಕಿನ ಕಡೆಯಿಂದ ಉತ್ತರ ಬರಬೇಕಾದರೆ ಅಲ್ಲೊಂದು ನಿಶ್ಚಿತ ವ್ಯವಸ್ಥೆಯಿರಬೇಕು. ದತ್ತಾಂಶದ ಡಿಸ್ಕನ್ನು 2048 ಬೈಟುಗಳ ತುಂಡುಗಳಾಗಿ ಭಾಗಿಸಿರುತ್ತಾರೆ. ಇವಕ್ಕೆ ಸೆಕ್ಟರ್ ಎಂದು ಹೆಸರು. ಸೊನ್ನೆಯಿಂದ ಎಣಿಸಿದರೆ 16ನೆಯ ಸೆಕ್ಟರಿನಿಂದ ಡಿಸ್ಕಿನ ವಿವರಣೆ ಆರಂಭವಾಗುತ್ತದೆ. 17ನೆಯದರಲ್ಲಿ 'ಯಂತ್ರವನ್ನು ಎಬ್ಬಿಸುವ ಕಾರ್ಯಕ್ರಮದ ಸೂಚಿಯು ಇಂಥ ಕಡೆ ಇದೆ' ಎಂಬ ವಿಳಾಸವಿರುತ್ತದೆ. ಈ ಕ್ರಮವನ್ನು 1995ರಲ್ಲಿ ಫೀನಿಕ್ಸ್ ಟೆಕ್ನಾಲಜೀಸ್ ಮತ್ತು ಐ.ಬಿ.ಎಂ. ಸಂಸ್ಥೆಗಳವರು ಜೊತೆಗೂಡಿ ರೂಪಿಸಿದರು. ಇದರ ಹೆಸರು ಎಲ್ ಟೊರಿಟೊ. ಕ್ಯಾಲಿಫೋರ್ನಿಯದಲ್ಲಿ ಈ ಹೆಸರಿನ ಮೆಕ್ಸಿಕನ್ ಉಪಾಹಾರ ಗೃಹವುಂಟು. ಊಟದ ಮೇಜಿನ ಮೇಲೆ ಹುಟ್ಟಿದ್ದರಿಂದ ಆ ಹೆಸರೇ ನಿಂತಿತೆಂದು ಹೇಳುತ್ತಾರೆ. ಉಡುಪಿ ಹೋಟೆಲಿನಲ್ಲಿ ಕುಳಿತು ದೊಡ್ಡ ದೊಡ್ಡ ಯೋಜನೆಗಳನ್ನು ಹಾಕುವ ನಮ್ಮವರಿಗೆ ಇದು ಆಶ್ಚರ್ಯದ ಸಂಗತಿಯಲ್ಲ.

ಅಂತರಜಾಲದಿಂದ ಇಳಿಸಿಕೊಳ್ಳುವ ಐ.ಎಸ್.ಓ. ಕಡತವು ಸಂಪೂರ್ಣ ಡಿಸ್ಕೊಂದರ ಪ್ರತಿಬಿಂಬ. ಆ ವಿಳಾಸ, ಆ ಸೂಚಿ, ಎಲ್ಲ ಸೆಕ್ಟರುಗಳೂ ಅದರಲ್ಲಿ ಯಥಾಸ್ಥಾನದಲ್ಲಿ ಇರುತ್ತವೆ. ಅದನ್ನು ಸೆಕ್ಟರಿಗೆ ಸೆಕ್ಟರಾಗಿ ಖಾಲಿ ಡಿಸ್ಕಿನ ಮೇಲೆ ಇಳಿಸಬೇಕು. ಹಾಗೆ ಮಾಡದೆ ಒಳಗಿನ ಕಡತಗಳನ್ನು ಮಾತ್ರ ನಕಲು ಮಾಡಿದರೆ ಡಿಸ್ಕಿನಲ್ಲಿ ಎಲ್ಲವೂ ಇರುತ್ತದೆ, 17ನೆಯ ಸೆಕ್ಟರಿನ ವಿಳಾಸವೊಂದಿರುವುದಿಲ್ಲ. ಕೋಣೆಗಳೆಲ್ಲ ಇದ್ದೂ ಹೆಬ್ಬಾಗಿಲಿಲ್ಲದ ಮನೆಯಂತೆ ಅದರ ಸ್ಥಿತಿ.

ಬರೆಯುವುದರಲ್ಲಿ ಆಗುವ ತಪ್ಪು

ಬೂಟ್ ಆಗದ ಡಿಸ್ಕು ಕೈಗೆ ಬಂದಾಗ ಮೊದಲು ಶಂಕಿಸಬೇಕಾದದ್ದು ಇದನ್ನೇ. ಡಿಸ್ಕನ್ನು ಚೆನ್ನಾಗಿ ಕೆಲಸ ಮಾಡುವ ಬೇರೊಂದು ಕಂಪ್ಯೂಟರಿಗೆ ಹಾಕಿ, ಎಂದಿನಂತೆ ವಿಂಡೋಸಿನಲ್ಲಿಯೇ ಅದನ್ನು ತೆರೆದು ನೋಡಬೇಕು. ಒಳಗೆ ಒಂದೇ ಒಂದು ದೊಡ್ಡ ಕಡತ, ಹೆಸರಿನ ತುದಿಯಲ್ಲಿ ಐ.ಎಸ್.ಓ. ಎಂಬ ಮೂರು ಅಕ್ಷರಗಳೊಡನೆ ಕಂಡರೆ ನಿದಾನ ಮುಗಿಯಿತು. ಛಾಯಾಚಿತ್ರಗಳನ್ನು ಡಿಸ್ಕಿಗೆ ಎಳೆದು ಹಾಕುವಂತೆ ಈ ಕಡತವನ್ನೂ ಎಳೆದು ಹಾಕಿದ್ದಾರೆ. ಇಂತಹ ಡಿಸ್ಕು ಎಂದಿಗೂ ಬೂಟ್ ಆಗದು.

ಒಳಗೆ 'ಬೂಟ್', 'ಇ.ಎಫ್.ಐ.', 'ಐಸೋಲಿನಕ್ಸ್', 'ಕ್ಯಾಸ್ಪರ್' ಇತ್ಯಾದಿ ಹೆಸರಿನ ಫೋಲ್ಡರುಗಳು ಕಂಡರೆ ಬಹುಮಟ್ಟಿಗೆ ಸರಿಯೆನ್ನಬಹುದು. ಆದರೆ ಇಲ್ಲಿಯೂ ಒಂದು ಮೋಸವುಂಟು. ಕೆಲವರು ಐ.ಎಸ್.ಓ. ಕಡತವನ್ನು ಜಿಪ್ ಕಡತದಂತೆ ಬಿಚ್ಚಿ, ಒಳಗಿನ ಫೋಲ್ಡರುಗಳನ್ನು ಡಿಸ್ಕಿಗೆ ಬರೆಯುತ್ತಾರೆ. ಕಣ್ಣಿಗೆ ಎರಡೂ ಒಂದೇ. ಗುರುತಿಸುವ ಉಪಾಯವೆಂದರೆ ಡಿಸ್ಕಿನ ಹೆಸರನ್ನು ನೋಡುವುದು. ಪ್ರತಿಬಿಂಬವಾಗಿ ಬರೆದಾಗ ತಯಾರಕರು ಇಟ್ಟ ಹೆಸರೇ, ಅಂದರೆ ವ್ಯವಸ್ಥೆಯ ಹೆಸರೂ ಆವೃತ್ತಿಯ ಸಂಖ್ಯೆಯೂ, ಡಿಸ್ಕಿನ ಹೆಸರಾಗಿ ಬರುತ್ತದೆ. ವಿಂಡೋಸಿನಲ್ಲಿ ಸಾಧಾರಣ ಡಿಸ್ಕಿನಂತೆ ಬರೆದಿದ್ದರೆ, ಬರೆದ ದಿನದ ತಾರೀಕೇ ಹೆಸರಾಗಿ ನಿಂತಿರುತ್ತದೆ.

ಪರಿಹಾರ ಸುಲಭ. ವಿಂಡೋಸ್ 7ರಿಂದ ಈಚೆಗೆ ಪ್ರತಿಬಿಂಬವನ್ನು ಬರೆಯುವ ಸೌಲಭ್ಯವು ವಿಂಡೋಸಿನಲ್ಲಿಯೇ ಇದೆ. ಐ.ಎಸ್.ಓ. ಕಡತದ ಮೇಲೆ ಮೌಸಿನ ಬಲ ಗುಂಡಿಯನ್ನೊತ್ತಿದಾಗ 'ಬರ್ನ್ ಡಿಸ್ಕ್ ಇಮೇಜ್' ಎಂಬ ಸಾಲು ಬರುತ್ತದೆ. ವಿಂಡೋಸ್ 11ರಲ್ಲಿ ಅದು ಎರಡನೆಯ ಪಟ್ಟಿಯೊಳಗೆ ಅಡಗಿರಬಹುದು. ಅದನ್ನು ಆರಿಸಬೇಕು. ಅಲ್ಲಿಯೇ 'ವೆರಿಫೈ' ಎಂಬ ಚೌಕದಲ್ಲಿ ಗುರುತು ಹಾಕಲು ಮರೆಯಬಾರದು. ಬರೆದ ಮೇಲೆ ಡಿಸ್ಕನ್ನು ಮತ್ತೊಮ್ಮೆ ಓದಿ ಮೂಲದೊಡನೆ ಹೋಲಿಸುವ ಈ ಕ್ರಿಯೆಗೆ ಹಿಡಿಯುವ ನಾಲ್ಕೈದು ನಿಮಿಷಗಳು ಅರ್ಧ ದಿನದ ತಲೆನೋವನ್ನು ತಪ್ಪಿಸುತ್ತವೆ.

ಡಿಸ್ಕಿನ ಸಾಮರ್ಥ್ಯವನ್ನೂ ಗಮನಿಸಬೇಕು. ಸಿ.ಡಿ.ಯಲ್ಲಿ 700 ಮೆಗಾಬೈಟು ಹಿಡಿಸುತ್ತದೆ. ಸಾಧಾರಣ ಡಿ.ವಿ.ಡಿ.ಯ ಮೇಲೆ 4.7 ಗಿಗಾಬೈಟು ಎಂದು ಅಚ್ಚಾಗಿರುತ್ತದೆ. ಆದರೆ ವಿಂಡೋಸಿನ ಲೆಕ್ಕದಲ್ಲಿ ಅದು ಸುಮಾರು 4.37 ಮಾತ್ರ. ತಯಾರಕರು ಸಾವಿರದ ಲೆಕ್ಕದಲ್ಲಿ ಗುಣಿಸಿದರೆ ವಿಂಡೋಸ್ 1024ರ ಲೆಕ್ಕದಲ್ಲಿ ಗುಣಿಸುವುದೇ ಈ ವ್ಯತ್ಯಾಸಕ್ಕೆ ಕಾರಣ. ಉಬುಂಟು ಲಿನಕ್ಸ್ 2012ರ ಏಪ್ರಿಲ್ ಆವೃತ್ತಿಯವರೆಗೆ ಒಂದೇ ಸಿ.ಡಿ.ಯಲ್ಲಿ ಅಡಕವಾಗುತ್ತಿತ್ತು, 2005ರಿಂದ 2011ರವರೆಗೆ ಆ ಸಿ.ಡಿ.ಗಳನ್ನು ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಲೂ ಇದ್ದರು. ಆ ಕಾಲ ಹೋಯಿತು. ಈಗ ಉಬುಂಟುವಿನ 24.04ನೆಯ ಆವೃತ್ತಿಯಾಗಲಿ ವಿಂಡೋಸ್ 11 ಆಗಲಿ ಸಾಧಾರಣ ಡಿ.ವಿ.ಡಿ.ಯಲ್ಲಿ ಹಿಡಿಸದು, 8.5 ಗಿಗಾಬೈಟಿನ ಎರಡು ಪದರದ ಡಿಸ್ಕೇ ಬೇಕು. ಲಿನಕ್ಸ್ ಮಿಂಟ್ 22 ಸಾಧಾರಣ ಡಿ.ವಿ.ಡಿ.ಯಲ್ಲಿ ನೆಮ್ಮದಿಯಾಗಿ ಕುಳಿತುಕೊಳ್ಳುತ್ತದೆ.

ಕಡತವೇ ಕೆಟ್ಟಿದ್ದರೆ

ಮೊಬೈಲ್ ಫೋನಿನ ಸಂಪರ್ಕದ ಮೂಲಕ ಎರಡು ಮೂರು ಗಿಗಾಬೈಟಿನ ಕಡತವನ್ನು ಇಳಿಸಿಕೊಳ್ಳುವಾಗ ನಡುವೆ ಸಂಪರ್ಕವು ಕಡಿದು ಮತ್ತೆ ಕೂಡಿಕೊಳ್ಳುವುದು ಸಹಜ. ಕಡತವು ಪೂರ್ತಿಯಾಗಿ ಬಂದಂತೆಯೇ ಕಾಣುತ್ತದೆ. ಒಳಗೆಲ್ಲೋ ಒಂದು ತುಂಡು ಕೆಟ್ಟಿರುತ್ತದೆ. ಗಾತ್ರವನ್ನು ನೋಡಿ ಇದನ್ನು ಪತ್ತೆಹಚ್ಚಲು ಯಾವಾಗಲೂ ಸಾಧ್ಯವಿಲ್ಲ. ಇದಕ್ಕಾಗಿಯೇ ತಯಾರಕರು ಪ್ರತಿ ಕಡತದೊಡನೆ ಶಾ-256 ಎಂಬ ಪರಿಶೀಲನಾ ಸಂಖ್ಯೆಯನ್ನು ಪ್ರಕಟಿಸುತ್ತಾರೆ. ಅಂಕಿಗಳೂ ಅಕ್ಷರಗಳೂ ಬೆರೆತ 64 ಚಿಹ್ನೆಗಳ ಸಾಲು ಅದು. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಈ ಸಾಲು ಆಮೂಲಾಗ್ರವಾಗಿ ಬದಲಾಗುತ್ತದೆ. ವಿಂಡೋಸಿನ ಆಜ್ಞಾ ಕಿಟಕಿಯಲ್ಲಿ 'ಸರ್ಟ್‌ಯುಟಿಲ್' ಎಂಬ ಸಾಧನದಿಂದಲೂ, ಲಿನಕ್ಸಿನಲ್ಲಿ 'ಶಾ256ಸಮ್' ಎಂಬ ಆಜ್ಞೆಯಿಂದಲೂ ನಮ್ಮ ಕಡತದ ಸಂಖ್ಯೆಯನ್ನು ಪಡೆದು, ತಯಾರಕರು ಪ್ರಕಟಿಸಿದುದರೊಡನೆ ಹೋಲಿಸಬಹುದು. ಮೊದಲ ಎಂಟು, ಕೊನೆಯ ಎಂಟು ಚಿಹ್ನೆಗಳು ತಾಳೆಯಾದರೆ ಆಕಸ್ಮಿಕ ದೋಷವಿಲ್ಲವೆಂದು ನಂಬಬಹುದು. ತಾಳೆಯಾಗದಿದ್ದರೆ ಬರೆಯುವ ಶ್ರಮವೇ ಬೇಡ, ಮತ್ತೆ ಇಳಿಸಿಕೊಳ್ಳಬೇಕು. ಅದೂ ತಯಾರಕರ ಸ್ವಂತ ತಾಣದಿಂದ. ಪರಿಚಿತರೊಬ್ಬರು ಕೊಟ್ಟ ಪ್ರತಿಯಿಂದಲ್ಲ.

ಡಿಸ್ಕು, ಕಿರಣ ಮತ್ತು ಮಸೂರ

ಅಂಗಡಿಯಲ್ಲಿ ಸಿಗುವ ಚಲನಚಿತ್ರದ ಡಿಸ್ಕನ್ನು ಕಾರ್ಖಾನೆಯಲ್ಲಿ ಅಚ್ಚು ಒತ್ತಿ ತಯಾರಿಸಿರುತ್ತಾರೆ. ನಾವು ಮನೆಯಲ್ಲಿ ಬರೆಯುವ ಡಿಸ್ಕಿನ ಸಂಗತಿ ಬೇರೆ. ಅದರೊಳಗೆ ಸಾವಯವ ಬಣ್ಣದ ತೆಳ್ಳನೆಯ ಪದರವೊಂದಿದೆ. ಲೇಸರ್ ಕಿರಣವು ಅಲ್ಲಲ್ಲಿ ಅದನ್ನು ಕಾಯಿಸಿ ಗುಣವನ್ನು ಬದಲಿಸುತ್ತದೆ. ಬದಲಾದ ಚುಕ್ಕೆಯಿಂದ ಬೆಳಕು ಕಡಿಮೆ ಹಿಂದಿರುಗುತ್ತದೆ. ಇಂಗ್ಲಿಷಿನವರು ಡಿಸ್ಕನ್ನು 'ಸುಡುವುದು' ಎನ್ನುವುದು ಇದನ್ನೇ. ಈ ಬಣ್ಣವು ಬಿಸಿಲಿಗೂ ಶಾಖಕ್ಕೂ ನಲುಗುವಂಥದು. ಕಿಟಕಿಯ ಬಳಿಯ ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಖಾಲಿ ಡಿಸ್ಕಿನ ಮೇಲೆ ಬರೆದು ಫಲವನ್ನು ನಿರೀಕ್ಷಿಸುವುದು ಕಷ್ಟ.

ಬರೆಯುವ ವೇಗದ ವಿಷಯದಲ್ಲಿ ಭಿನ್ನಾಭಿಪ್ರಾಯಗಳುಂಟು. ಎಷ್ಟು ನಿಧಾನವೋ ಅಷ್ಟು ಒಳ್ಳೆಯದೆಂಬ ಮಾತು ಹಳೆಯ ಡಿಸ್ಕುಗಳ ಕಾಲದ್ದು. ಇಂದಿನ ಬಣ್ಣದ ಪದರಗಳು ಹೆಚ್ಚಿನ ವೇಗಕ್ಕೆಂದೇ ಹದಗೊಂಡಿರುವುದರಿಂದ ಅತಿ ನಿಧಾನವೂ ಹಿತವಲ್ಲ. 16ರ ವೇಗವೆಂದು ನಮೂದಾದ ಡಿ.ವಿ.ಡಿ.ಯನ್ನು 4 ಅಥವಾ 8ರ ವೇಗದಲ್ಲಿ ಬರೆಯುವುದು ನನ್ನ ಮಟ್ಟಿಗೆ ಮಧ್ಯಮ ಮಾರ್ಗ.

'ನಮ್ಮ ಡ್ರೈವು ಸರಿಯಾಗಿಯೇ ಇದೆ, ನಿನ್ನೆ ತಾನೆ ಸಿನಿಮಾ ನೋಡಿದೆವು' ಎಂಬ ವಾದವನ್ನು ಕೇಳುತ್ತೇವೆ. ಇದು ಸಾಕಷ್ಟು ಸಾಕ್ಷಿಯಲ್ಲ. ಅಚ್ಚೊತ್ತಿದ ಡಿಸ್ಕಿಗಿಂತ ಮನೆಯಲ್ಲಿ ಬರೆದ ಡಿಸ್ಕನ್ನು ಓದುವುದು ಸವೆದ ಡ್ರೈವಿಗೆ ಹೆಚ್ಚು ಕಷ್ಟ. ಅಳಿಸಿ ಮತ್ತೆ ಬರೆಯಬಹುದಾದ ಆರ್.ಡಬ್ಲ್ಯು. ಜಾತಿಯ ಡಿಸ್ಕಿನ ಪ್ರತಿಫಲನವಂತೂ ಇನ್ನೂ ಬಹಳ ಕಡಿಮೆ. ಹಳೆಯ ಡ್ರೈವುಗಳು ಅದನ್ನು ಖಾಲಿಯೆಂದೇ ಭಾವಿಸುವುದುಂಟು. ಇದಲ್ಲದೆ ಸಿ.ಡಿ.ಗೆ 780 ನ್ಯಾನೋಮೀಟರಿನ ಕಿರಣವೂ ಡಿ.ವಿ.ಡಿ.ಗೆ 650 ನ್ಯಾನೋಮೀಟರಿನ ಕಿರಣವೂ ಬೇಕು. ಆದುದರಿಂದ ಒಂದೇ ಡ್ರೈವು ಸಿ.ಡಿ.ಯನ್ನು ಸರಾಗವಾಗಿ ಓದಿ ಡಿ.ವಿ.ಡಿ.ಯ ಮುಂದೆ ಮೂಕವಾಗಬಹುದು. ತೀರ ಹಳೆಯ ಯಂತ್ರಗಳಲ್ಲಿ ಇರುವುದು ಸಿ.ಡಿ. ಡ್ರೈವು ಮಾತ್ರ, ಹೊರನೋಟಕ್ಕೆ ಎರಡೂ ಒಂದೇ ರೀತಿ ಇರುವುದರಿಂದ ತಟ್ಟೆಯ ಮುಂಭಾಗದ ಮೇಲಿನ ಮುದ್ರೆಯನ್ನು ಓದಿಯೇ ತಿಳಿಯಬೇಕು.

ಡಿಸ್ಕನ್ನು ಒರೆಸುವಾಗ ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿರುಗಿಸಿ ಅಲ್ಲ. ಸಿ.ಡಿ.ಯ ಮೇಲ್ಮುಖದ ಮೇಲೆ ಬಾಲ್ ಪೆನ್ನಿನಿಂದ ಒತ್ತಿ ಬರೆಯಬಾರದು. ಸಿ.ಡಿ.ಯಲ್ಲಿ ದತ್ತಾಂಶದ ಪದರವಿರುವುದು ಹೊಳೆಯುವ ತಳಭಾಗದಲ್ಲಲ್ಲ, ಹೆಸರು ಬರೆಯುವ ಮೇಲ್ಭಾಗದ ತೆಳುವಾದ ಲೇಪನದ ಕೆಳಗೇ.

ಯಂತ್ರದ ಕಡೆಯ ಅಡ್ಡಿಗಳು

ಇಷ್ಟಾದ ಮೇಲೆ ನಿರ್ಣಾಯಕ ಪರೀಕ್ಷೆಯೊಂದನ್ನು ಮಾಡಬೇಕು. ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಅದರಿಂದ ಯಂತ್ರವನ್ನು ಎಬ್ಬಿಸಿ ನೋಡಬೇಕು. ನೆರೆಮನೆಯವರು ಹಿಂಜರಿದರೆ ಅವರಿಗೆ ಧೈರ್ಯ ಹೇಳಬಹುದು: ಲಿನಕ್ಸಿನ 'ಲೈವ್' ಡಿಸ್ಕು ಯಂತ್ರದ ಸ್ಮರಣೆಯಲ್ಲಿಯೇ ನಡೆಯುತ್ತದೆ, ಪ್ರತಿಷ್ಠಾಪಿಸಬೇಕೆಂದು ನಾವಾಗಿ ಆಜ್ಞಾಪಿಸದ ಹೊರತು ಹಾರ್ಡ್ ಡಿಸ್ಕಿನ ವಿಂಡೋಸನ್ನೂ ಕಡತಗಳನ್ನೂ ಬದಲಿಸುವುದಿಲ್ಲ. ಅಲ್ಲಿ ಡಿಸ್ಕು ಎದ್ದರೆ ಕಡತ, ಬರವಣಿಗೆ ಎರಡೂ ಸರಿಯಿವೆಯೆಂದಾಯಿತು. ದೋಷವು ನಮ್ಮ ಯಂತ್ರದ ಕಡೆಯದು. ಅಲ್ಲಿಯೂ ಏಳದಿದ್ದರೆ ಮೇಲಿನ ಭಾಗಗಳಿಗೆ ಹಿಂದಿರುಗಬೇಕು.

ನಮ್ಮ ಯಂತ್ರದಲ್ಲಿ ಹೆಚ್ಚಾಗಿ ಕಾಣುವ ಅಡ್ಡಿ ಪಟ್ಟಿಯ ಅನುಕ್ರಮದ್ದು. ಹಾರ್ಡ್ ಡಿಸ್ಕಿನ ಹೆಸರು ಪಟ್ಟಿಯಲ್ಲಿ ಮೊದಲಿದ್ದರೆ ಡಿ.ವಿ.ಡಿ.ಯ ಬಾಗಿಲನ್ನು ತಟ್ಟುವ ಪ್ರಸಂಗವೇ ಬರುವುದಿಲ್ಲ. ಗುಂಡಿಯನ್ನೊತ್ತಿದ ಕೂಡಲೇ ಕೀಲಿಮಣೆಯ ಒಂದು ನಿರ್ದಿಷ್ಟ ಕೀಲಿಯನ್ನು ಮತ್ತೆ ಮತ್ತೆ ತಟ್ಟಿದರೆ ಅಂದಿನ ಮಟ್ಟಿಗೆ ಆಯ್ಕೆಯ ಪಟ್ಟಿ ಬರುತ್ತದೆ. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್ 12, ಎಚ್.ಪಿ.ಯಲ್ಲಿ ಎಫ್ 9, ಏಸಸ್ ಫಲಕವುಳ್ಳ ಮೇಜಿನ ಯಂತ್ರಗಳಲ್ಲಿ ಎಫ್ 8. ವಿಂಡೋಸಿನ ಡಿಸ್ಕಿಗೆ ಇನ್ನೊಂದು ಅಭ್ಯಾಸವಿದೆ: 'ಯಾವುದಾದರೂ ಕೀಲಿಯನ್ನೊತ್ತಿರಿ' ಎಂದು ಇಂಗ್ಲಿಷಿನಲ್ಲಿ ಕೇಳಿ, ಕೆಲವೇ ಕ್ಷಣ ಕಾದು, ಯಾರೂ ಒತ್ತದಿದ್ದರೆ ಸುಮ್ಮನೆ ಹಾರ್ಡ್ ಡಿಸ್ಕಿನ ಕಡೆಗೆ ಹೊರಟುಬಿಡುತ್ತದೆ. ಚಹಾ ತರಲು ಎದ್ದುಹೋದವರು ಹಿಂದಿರುಗಿ ಡಿಸ್ಕನ್ನು ದೂಷಿಸುತ್ತಾರೆ.

ಅನುಕ್ರಮವನ್ನು ಸರಿಪಡಿಸಿ ಉಳಿಸಿದ್ದರೂ ಮರುದಿನ ಹಳೆಯ ಸ್ಥಿತಿಗೇ ಬಂದಿದ್ದರೆ, ಯಂತ್ರದ ದಿನಾಂಕವೂ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ, ಮುಖ್ಯ ಫಲಕದ ಮೇಲಿರುವ ನಾಣ್ಯದಾಕಾರದ ಬ್ಯಾಟರಿ ಬರಿದಾಗಿದೆಯೆಂದು ತಿಳಿಯಬೇಕು. ಅನೇಕ ಯಂತ್ರಗಳಲ್ಲಿ ಅದು ಸಿ.ಆರ್. 2032 ಎಂಬ 3 ವೋಲ್ಟಿನ ಬ್ಯಾಟರಿ. ಗಡಿಯಾರದ ಅಂಗಡಿಯಲ್ಲಿಯೂ ದೊರೆಯುವಂಥದು. ಸಾವಿರಾರು ರೂಪಾಯಿಯ ರಿಪೇರಿಯೆಂದು ಹೆದರಿದ್ದು ಎಷ್ಟೋ ವೇಳೆ ಇಷ್ಟರಲ್ಲಿ ಮುಗಿಯುತ್ತದೆ.

2012ರಲ್ಲಿ ವಿಂಡೋಸ್ 8 ಬಂದಂದಿನಿಂದ ತಯಾರಾದ ಯಂತ್ರಗಳಲ್ಲಿ 'ಸೆಕ್ಯೂರ್ ಬೂಟ್' ಎಂಬ ಕಾವಲು ಇರುತ್ತದೆ. ತಾನು ಗುರುತಿಸುವ ಸಹಿಯಿಲ್ಲದ ಯಾವುದನ್ನೂ ಅದು ಒಳಗೆ ಬಿಡದು. ಉಬುಂಟು, ಮಿಂಟ್, ಡೆಬಿಯನ್‌ಗಳಿಗೆ ಆ ಸಹಿಯುಂಟು. ಚಿಕ್ಕ ಪುಟ್ಟ ವಿತರಣೆಗಳಿಗೆ ಇಲ್ಲದಿರಬಹುದು. ಸಹಿಯ ಬಗ್ಗೆ ತಕರಾರು ತೆಗೆಯುವ ಸಂದೇಶ ಬಂದರೆ ಆ ಕಾವಲನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು. ಆದರೆ ಹಾರ್ಡ್ ಡಿಸ್ಕನ್ನು ಬಿಟ್‌ಲಾಕರ್ ಎಂಬ ಬೀಗದಿಂದ ಭದ್ರಪಡಿಸಿದ್ದರೆ ಇಂತಹ ಬದಲಾವಣೆಯ ನಂತರ ವಿಂಡೋಸ್ 48 ಅಂಕಿಗಳ ರಕ್ಷಣಾ ಸಂಖ್ಯೆಯನ್ನು ಕೇಳಬಹುದು. ಮೊದಲೇ ಅದನ್ನು ಬರೆದಿಟ್ಟುಕೊಂಡಿರಬೇಕು.

ಇನ್ನೊಂದು ಸಂದರ್ಭದಲ್ಲಿ ತೆರೆಯ ಮೇಲೆ 'ಎಕ್ಸ್86-64' ಬೇಕು, ಇಲ್ಲಿರುವುದು 'ಐ686' ಎಂಬರ್ಥದ ಸಾಲು ಬಂದು ನಿಲ್ಲುತ್ತದೆ. ಇದು ಡಿಸ್ಕಿನ ದೋಷವಲ್ಲ. 64 ಬಿಟ್ಟಿನ ವ್ಯವಸ್ಥೆಯನ್ನು 32 ಬಿಟ್ಟಿನ ಹಳೆಯ ಪ್ರೊಸೆಸರಿಗೆ ಕೊಟ್ಟಿದ್ದೇವೆ. ಉಬುಂಟು 2017ರಲ್ಲಿಯೇ 32 ಬಿಟ್ಟಿನ ಡೆಸ್ಕ್‌ಟಾಪ್ ಡಿಸ್ಕನ್ನು ನಿಲ್ಲಿಸಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿಯೂ ಅದಿಲ್ಲ. ಅಂತಹ ಯಂತ್ರಕ್ಕೆ ಡೆಬಿಯನ್ 12ನೆಯ ಆವೃತ್ತಿಯನ್ನು ನೋಡಬೇಕು.

ಅರ್ಧ ದಾರಿಯಲ್ಲಿ ನಿಂತರೆ

ಡಿಸ್ಕು ಎದ್ದು, ಆಯ್ಕೆಯ ಪಟ್ಟಿಯನ್ನು ತೋರಿಸಿ, ಅನಂತರ ನಿಂತರೆ ಮೊದಲಿನ ಕಾರಣಗಳಲ್ಲಿ ಅರ್ಧಕ್ಕರ್ಧ ಬಿದ್ದುಹೋದವು. ಸ್ಕ್ವಾಶ್‌ಎಫ್‌ಎಸ್ ಎಂಬ ಪದದೊಡನೆ ದೋಷದ ಸಾಲುಗಳು ಸುರಿದರೆ ಡಿಸ್ಕಿನ ಯಾವುದೋ ಭಾಗವನ್ನು ಓದಲಾಗುತ್ತಿಲ್ಲವೆಂದರ್ಥ. ಬೇರೊಂದು ಡಿಸ್ಕಿಗೆ ಕಡಿಮೆ ವೇಗದಲ್ಲಿ ಬರೆಯಬೇಕು. 'ಐಸೋಲಿನಕ್ಸ್' ಎಂಬ ಹೆಸರಿನೊಡನೆ 'ಚೆಕ್‌ಸಮ್' ಎಂಬ ಮಾತು ಬಂದರೂ ಹೀಗೆಯೇ. ಅನೇಕ ಲಿನಕ್ಸ್ ಡಿಸ್ಕುಗಳ ಪಟ್ಟಿಯಲ್ಲಿಯೇ ಡಿಸ್ಕನ್ನು ಪರಿಶೀಲಿಸುವ ಆಯ್ಕೆಯಿರುತ್ತದೆ, ಅದನ್ನು ಬಳಸಿಕೊಳ್ಳಬೇಕು. ಯಾವ ಸಾಲೂ ಇಲ್ಲದೆ ತೆರೆ ಬರಿದಾಗಿ ಕಪ್ಪಾದರೆ ಸಾಮಾನ್ಯವಾಗಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ತೊಡಕು. ಮಿಂಟಿನಲ್ಲಿ 'ಕಂಪ್ಯಾಟಿಬಿಲಿಟಿ ಮೋಡ್', ಉಬುಂಟುವಿನಲ್ಲಿ 'ಸೇಫ್ ಗ್ರಾಫಿಕ್ಸ್' ಎಂಬುದನ್ನು ಆರಿಸಿದರೆ ಹಲವು ವೇಳೆ ದಾರಿ ತೆರೆಯುತ್ತದೆ. ಪ್ರತಿ ಬಾರಿಯೂ ಬೇರೆ ಬೇರೆ ಸ್ಥಳದಲ್ಲಿ ನಿಂತರೆ ಸ್ಮರಣೆಯ ಪಟ್ಟಿಗಳನ್ನು, ಎಂದರೆ ರ‍್ಯಾಮನ್ನು, ಪರೀಕ್ಷಿಸಿಸಬೇಕು.

ಡ್ರೈವೇ ಹೋಗಿದೆಯೆಂದು ಸಿದ್ಧವಾದರೆ ಯು.ಎಸ್.ಬಿ. ಮೂಲಕ ಜೋಡಿಸುವ ಹೊರಗಿನ ಡಿ.ವಿ.ಡಿ. ಡ್ರೈವು ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ ಚೆನ್ನೈಯ ರಿಚಿ ಸ್ಟ್ರೀಟಿನಲ್ಲಾಗಲಿ ದೆಹಲಿಯ ನೆಹರು ಪ್ಲೇಸಿನಲ್ಲಾಗಲಿ ಸಿಗುತ್ತದೆ. ಅದನ್ನು ಯಂತ್ರದ ಹಿಂಭಾಗದ ಕಿಂಡಿಗೆ ಜೋಡಿಸುವುದು ಮೇಲು. ಮುಂಭಾಗದ ಕಿಂಡಿಯಲ್ಲಿ ವಿದ್ಯುತ್ತು ಸಾಲದೆ ಡಿಸ್ಕು ತಿರುಗಿ ತಿರುಗಿ ನಿಲ್ಲುವುದುಂಟು. ಯಂತ್ರವು ಪೆನ್ ಡ್ರೈವಿನಿಂದ ಏಳಬಲ್ಲುದಾದರೆ ಡಿಸ್ಕಿನ ಗೋಜೇ ಬೇಡವೆಂಬುದೂ ನಿಜ. ಅಲ್ಲಿಯೂ ಐ.ಎಸ್.ಓ. ಕಡತವನ್ನು ಎಳೆದು ಹಾಕಿದರೆ ಸಾಲದು. ರೂಫಸ್‌ನಂತಹ ಸಾಧನದಿಂದ ಬರೆಯಬೇಕು. ಬರೆಯುವಾಗ ಪೆನ್ ಡ್ರೈವಿನಲ್ಲಿ ಇದ್ದುದೆಲ್ಲವೂ ಅಳಿಯುತ್ತದೆ.

ಡಿಸ್ಕು ಎದ್ದ ಮೇಲೆ

ಕೊನೆಗೂ ತೆರೆಯ ಮೇಲೆ ಲಿನಕ್ಸಿನ ಚಿತ್ರ ಮೂಡಿತೆನ್ನೋಣ. ಎಲ್ಲರ ಕೈಯೂ 'ಇನ್‌ಸ್ಟಾಲ್' ಎಂಬ ಚಿಹ್ನೆಯ ಕಡೆಗೆ ಹೋಗುತ್ತದೆ. ಆ ಕೈಯನ್ನು ಅರ್ಧ ಗಂಟೆ ತಡೆದಿಟ್ಟುಕೊಳ್ಳಬೇಕು. ಅದಕ್ಕಿಂತ ಮೊದಲು ಹೊರಗಿನ ಹಾರ್ಡ್ ಡಿಸ್ಕೊಂದನ್ನು ಜೋಡಿಸಿ, ಯಂತ್ರದ ಹಳೆಯ ಹಾರ್ಡ್ ಡಿಸ್ಕನ್ನು ಈ ಲೈವ್ ವ್ಯವಸ್ಥೆಯಿಂದಲೇ ತೆರೆದು, ಬೇಕಾದ ಫೋಲ್ಡರುಗಳನ್ನೆಲ್ಲ ನಕಲು ಮಾಡಿಕೊಳ್ಳಬಹುದು. ವಿಂಡೋಸ್ ಏಳದೆ ಹೋದ ಯಂತ್ರದಿಂದಲೂ ಹೀಗೆ ಛಾಯಾಚಿತ್ರಗಳನ್ನು ಹೊರತೆಗೆಯಬಹುದು. ಇದೊಂದು ಉಪಯೋಗಕ್ಕಾಗಿಯೇ ಇಂತಹ ಡಿಸ್ಕೊಂದನ್ನು ಮನೆಯಲ್ಲಿಡುವುದು ಯೋಗ್ಯವೆಂದು ನನ್ನ ಅಭಿಪ್ರಾಯ. ವಿಂಡೋಸ್ ಇನ್ನೂ ಏಳುತ್ತಿದ್ದರೆ, ಡಿಸ್ಕನ್ನು ಹಾಕುವ ಮುನ್ನ ಅದನ್ನು ಶಿಫ್ಟ್ ಕೀಲಿಯನ್ನು ಹಿಡಿದುಕೊಂಡು ಪೂರ್ಣವಾಗಿ ಮುಚ್ಚಬೇಕು. ಸಾಧಾರಣವಾಗಿ ಮುಚ್ಚಿದಾಗ ವಿಂಡೋಸ್ 8 ಮತ್ತು 10 ಅರೆನಿದ್ರೆಯಲ್ಲಿ ಉಳಿಯುವುದರಿಂದ ಲಿನಕ್ಸ್ ಆ ಹಾರ್ಡ್ ಡಿಸ್ಕನ್ನು ಓದಲು ಮಾತ್ರ ತೆರೆಯುತ್ತದೆ, ಕೆಲವೊಮ್ಮೆ ತೆರೆಯಲು ನಿರಾಕರಿಸುವುದೂ ಉಂಟು. ಹಳೆಯ ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿಬರುತ್ತಿದ್ದರೆ ಮಾತ್ರ ನಾವೇ ಪ್ರಯತ್ನಿಸುವುದು ಬೇಡ. ಯಂತ್ರವನ್ನು ಆರಿಸಿ, ದತ್ತಾಂಶವನ್ನು ಹೊರತೆಗೆಯುವ ತಜ್ಞರ ಬಳಿಗೆ ಒಯ್ಯಬೇಕು.

ನಕಲಾದ ಕಡತಗಳಲ್ಲಿ ಹತ್ತಾರನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆಯೇ ಪ್ರತಿಷ್ಠಾಪನೆಗೆ ತೊಡಗಬೇಕು. ಆಗ ಕೇಳಲಾಗುವ ಪ್ರಶ್ನೆಗಳಲ್ಲಿ 'ಎರೇಸ್ ಡಿಸ್ಕ್' ಎಂಬುದೊಂದಿರುತ್ತದೆ. ಅದನ್ನು ಒಪ್ಪಿದರೆ ವಿಂಡೋಸೂ ಅದರೊಳಗಿನ ಸಮಸ್ತವೂ ಅಳಿದುಹೋಗುತ್ತವೆ. ವಿಂಡೋಸನ್ನೂ ಜೊತೆಯಲ್ಲಿ ಉಳಿಸಿಕೊಳ್ಳಬೇಕೆನ್ನುವವರು 'ಅಲಾಂಗ್‌ಸೈಡ್' ಎಂಬ ಆಯ್ಕೆಯನ್ನು ಹುಡುಕಬೇಕು. ಅಳಿಸುವ ಆಯ್ಕೆಯನ್ನು ಒಪ್ಪುವವರು ಹೊರಗಿನ ಹಾರ್ಡ್ ಡಿಸ್ಕನ್ನು ಮೊದಲು ಯಂತ್ರದಿಂದ ಬೇರ್ಪಡಿಸಿ, ಕಪಾಟಿನಲ್ಲಿಟ್ಟು ಬರಬೇಕು. ತೆರೆಯ ಮೇಲಿನ ಪಟ್ಟಿಯಲ್ಲಿ ಎರಡು ಡಿಸ್ಕುಗಳ ಹೆಸರುಗಳಿದ್ದಾಗ ಯಾವುದು ಯಾವುದೆಂಬ ಗೊಂದಲಕ್ಕೆ ಆಗ ಅವಕಾಶವೇ ಇರುವುದಿಲ್ಲ.